ಖಾಲಿ ಗ್ಯಾಲರಿಗೆ ಕೈಯೆತ್ತಿದವಳು

ಪಿ.ಟಿ. ಮೇಷ್ಟ್ರೇ,

ಕೋವಿಡ್ ನಿಮ್ಮನ್ನು ಕರೆದೊಯ್ದು ಮೂರು ತಿಂಗಳಾಯಿತು. ಇವತ್ತು ಟೋಕಿಯೋದ ಒಲಿಂಪಿಕ್ಸ್ ಕ್ರೀಡಾಂಗಣದಲ್ಲಿ ಸ್ವಯಂಸೇವಕಿಯಾಗಿ ನಿಂತಿದ್ದೆ. ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ.

ಪುಟ್ಟ ದ್ವೀಪದೇಶವೊಂದರ ಚಾಂಪಿಯನ್ ಜಾವೆಲಿನ್ ಹಿಡಿದು ನಿಂತು, ಅಭ್ಯಾಸಬಲದಿಂದ ಖಾಲಿ ಗ್ಯಾಲರಿಯತ್ತ ಕೈಯೆತ್ತಿ ಚಪ್ಪಾಳೆ ಕೇಳಿದಳು. ಮರುಕ್ಷಣವೇ ನಾಚಿ ಕೈ ಇಳಿಸಿದಳು. ನನಗೆ ತಡೆಯಲಾಗಲಿಲ್ಲ. ಕೈಗವಸು ಕಳಚಿ ನಾನೊಬ್ಬಳೇ ತಟ್ಟಿದೆ. ನಮ್ಮ ಹೈಸ್ಕೂಲು ಮೈದಾನದಲ್ಲಿ "ಎಸಿಯಮ್ಮಾ ಶರಣ್ಯಾ, ನಾನಿದೀನಲ್ಲ" ಎಂದು ನನ್ನ ಬೆನ್ನ ಹಿಂದೆ ನೀವೊಬ್ಬರೇ ತಟ್ಟುತ್ತಿದ್ದ ಹಾಗೆ, ಮೊದಲು ನಿಧಾನ, ಓಟದ ಜೊತೆಗೆ ಜೋರು.

ಎಸೆದವಳು, ಜಾವೆಲಿನ್ ಎಲ್ಲಿ ಬಿತ್ತೆಂದೂ ನೋಡದೆ, ನನ್ನತ್ತ ತಿರುಗಿ "ಅರಿಗಾತೋ" ಎಂದು ಜಪಾನಿಯಲ್ಲೇ ಧನ್ಯವಾದ ಹೇಳಿ ತಲೆಬಾಗಿದಳು.

ಆ ನಮಸ್ಕಾರ ನಿಮ್ಮದು, ಮೇಷ್ಟ್ರೇ. ನಾನು ಎಸೆದಷ್ಟು ವರ್ಷವೂ ಜಾವೆಲಿನ್ ಹೋದ ಕಡೆಗೇ ನೋಡುತ್ತಿದ್ದೆ.