ಒಬ್ಬರಿಗೇ ತೆರೆಯುವ ನಲ್ಲಿ

ಗುಂಡಿವರ್ಷ ೩೧೨, ಎರಡನೆಯ ಬೇಸಿಗೆಯ ಐವತ್ತೇಳನೆಯ ತಾರೀಖು
ಸಂಡೂರಿನ ಆರನೆಯ ಗಣಿಗುಂಡಿ

ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಗಾದಿಲಿಂಗಪ್ಪನವರಿಗೆ ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಬರಹವನ್ನು ನಾನು ಕಲಿತದ್ದು ನೀವೇ ಬರೆದಿಟ್ಟ ಒಂದು ಕಡತದಿಂದ. ಅದರ ಮೊದಲಿಗೆ ನಿಮ್ಮ ಹೆಸರಿದೆ. ಕೆಳಗೆ, ನಲವತ್ತು ಕಂಪ್ಯೂಟರಿಗೆ ಲಿನಕ್ಸ್ ಹಾಕಬೇಕು, ಒಂದೊಂದರ ಮುಂದೂ ಕೂತು ಕೇಳಿದ್ದಕ್ಕೆಲ್ಲ ಉತ್ತರ ಕೊಡಲು ನನ್ನಿಂದಾಗದು ಎಂಬ ಗೊಣಗಾಟವಿದೆ. ಹಾಗಾಗಿ ಉತ್ತರಗಳನ್ನೆಲ್ಲ ಮೊದಲೇ ಬರೆದು ಪೆನ್‌ಡ್ರೈವಿಗೆ ತುಂಬಿದಿರಿ. ಹಳೆಯ ಡಿಸ್ಕ್ ಅಳಿಸಲೇ? ಪೂರ್ತಿ ಅಳಿಸು. ಬಳಕೆದಾರರೆಷ್ಟು? ಒಬ್ಬರು. ಆ ಒಬ್ಬರ ಹೆಸರಿನ ಜಾಗವನ್ನಷ್ಟೇ ಖಾಲಿ ಬಿಟ್ಟಿರಿ.

ನಿಮ್ಮ ಕಾಲದ್ದೆಲ್ಲ ಸುಟ್ಟುಹೋಗಿ ಆ ಪೆನ್‌ಡ್ರೈವ್ ಒಂದು ಉಳಿಯಿತು. ಈ ಗುಂಡಿಯ ಮನೆಮನೆಯ ಯಂತ್ರಕ್ಕೂ ಅದರ ನಕಲನ್ನೇ ಹಾಕುತ್ತೇವೆ. ಹಾಕುವವಳನ್ನು ಹೂಡುಗಾರ್ತಿ ಎನ್ನುತ್ತಾರೆ, ನಾನು ಅದೇ. ಕಡತದ ಒಂದಕ್ಷರ ಬದಲಿಸಿದರೂ ಯಂತ್ರ ಏಳುವುದಿಲ್ಲ, ಯಾಕೆಂದು ಯಾರಿಗೂ ತಿಳಿಯದು. ಬದಲಿಸಲು ಹೋದ ಎರಡು ಮನೆಗಳು ಒಣಗಿ ಸತ್ತವು. ಯಂತ್ರ ಕಾಯುವುದು ನೀರಿನ ನಲ್ಲಿಯನ್ನು. ಅದರಲ್ಲಿ ದಾಖಲಾದ ಒಬ್ಬರ ಹೆಬ್ಬೆರಳಿಗೆ ಮಾತ್ರ ನಲ್ಲಿ ತೆರೆಯುತ್ತದೆ. ಅವರು ಹೆಸರಿನವರು. ಉಳಿದವರು ಬೊಗಸೆಯವರು, ಅಂದರೆ ಕೈಯೊಡ್ಡಿ ನಿಲ್ಲುವವರು.

ನಮ್ಮ ಮನೆಯಲ್ಲಿ ಮೂವತ್ತು ವರ್ಷ ನನ್ನ ತಾಯಿ ಸಣ್ಣೀರಮ್ಮ ಹೆಸರಿನವಳಾಗಿದ್ದಳು. ಬೆಳಿಗ್ಗೆ ಸಾಲಾಗಿ ನಿಲ್ಲಬೇಕು, ಅವಳು ಗೆರೆ ಕೊರೆದ ಲೋಟದಿಂದ ಬೊಗಸೆಗೆ ಸುರಿಯುತ್ತಾಳೆ, ಅಲ್ಲೇ ಕುಡಿಯಬೇಕು. ನನ್ನ ಬೆರಳುಗಳ ನಡುವೆ ಸಂದಿ ಜಾಸ್ತಿ. ಅರ್ಧ ಸೋರಿಹೋಗುತ್ತಿತ್ತು. ಸೋರಿದ್ದಕ್ಕೆ ಮತ್ತೆ ಸಿಗುತ್ತಿರಲಿಲ್ಲ. ನಾನು ನೆಲ ನೆಕ್ಕುತ್ತಿದ್ದುದನ್ನು ನೋಡಿ ಅವಳು ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ಅಣ್ಣ ಪಂಪಣ್ಣನೂ ನಗುತ್ತಿದ್ದ, ನಕ್ಕರೆ ಅವನಿಗೆ ಒಂದು ಗುಟುಕು ಹೆಚ್ಚು. ಹೂಡುಗಾರ್ತಿಯ ಮನೆಗೆ ದಿನಕ್ಕೆ ಎರಡು ಚೆಂಬು ನೀರು ಹೆಚ್ಚಿಗೆ ಬಿಡುತ್ತಾರೆ. ಆ ಆಸೆಗೆ ತಾಯಿ ನನ್ನನ್ನು ಈ ಕೆಲಸ ಕಲಿಯಲು ಹಾಕಿದಳು. ಮನೆಯಲ್ಲಿ ಎಲ್ಲರಿಗಿಂತ ಬಾಯಾರಿದವಳ ಕೈಗೇ ಕೀಲಿಮಣೆ ಕೊಡುತ್ತಿದ್ದೇನೆಂದು ಅವಳಿಗೆ ಹೊಳೆಯಲೇ ಇಲ್ಲ.

ಹೋದ ಬೇಸಿಗೆಯಲ್ಲಿ ನಮ್ಮ ಯಂತ್ರದ ಡಿಸ್ಕ್ ಸತ್ತಿತು. ಹೊಸದಕ್ಕೆ ಹೂಡುವಾಗ ಮನೆಮಂದಿಯೆಲ್ಲ ಎದುರಿಗೆ ಕೂರುವುದು ಪದ್ಧತಿ. ಪರದೆಯ ಮೇಲೆ ನಿಮ್ಮ ಉತ್ತರಗಳು ಸರಸರನೆ ಓಡಿ ಹೆಸರಿನ ಜಾಗದಲ್ಲಿ ನಿಂತವು.

"ನನ್ ಹೆಸ್ರು ಹೊಡಿಯವ್ವ ಹುಲಿಗಿ," ಎಂದಳು ತಾಯಿ. "ಹೆತ್ತಾಕಿ ಅದೀನಿ ನಾನು."

ಅವ್ವ ಎಂದು ಅವಳು ನನ್ನನ್ನು ಕರೆದದ್ದು ಅದೇ ಮೊದಲು. ನಾನು ನನ್ನ ಹೆಸರು ಹೊಡೆದು ನನ್ನ ಹೆಬ್ಬೆರಳನ್ನೇ ಒತ್ತಿದೆ. ಮಾರನೆಯ ಬೆಳಿಗ್ಗೆ ಅವಳದೇ ಲೋಟದಿಂದ, ಒಂದು ಗೆರೆ ಕಡಿಮೆ ಮಾಡಿ, ಅವಳ ಬೊಗಸೆಗೆ ಸುರಿದೆ. ಮುದುಕಿಯ ಕೈ ನಡುಗುತ್ತಿತ್ತು, ಬಹಳ ಸೋರಿತು. ಹತ್ತೊಂಬತ್ತು ದಿನ ಬದುಕಿದಳು. ನನಗೆ ದುಃಖವಾಗಲಿಲ್ಲ, ಹಾಯೆನಿಸಿತು.

ಈಗ ಗುಂಡಿಯ ಹಿರಿಯರಿಗೆ ಹಿಂದಿನ ಕಾಲಕ್ಕೆ ಒಂದೇ ಒಂದು ಕಾಗದ ಕಳಿಸುವ ದಾರಿ ಸಿಕ್ಕಿದೆ. ನೀವು ಆ ಕಡತ ಬರೆಯಲು ಕೂತ ದಿನವೇ ಅದು ನಿಮ್ಮ ಕೈಸೇರುತ್ತದಂತೆ. ಒಬ್ಬರು ಎಂಬ ಉತ್ತರ ತೆಗೆದು, ಮನೆಯಲ್ಲಿ ಎಷ್ಟು ಜನರೋ ಅಷ್ಟು ಹೆಸರಿಗೆ ಜಾಗ ಬಿಡಿ ಎಂದು ಕಾಲು ಹಿಡಿದು ಬೇಡಿಕೊಳ್ಳುವಂತೆ ನನಗೆ ಅಪ್ಪಣೆಯಾಗಿದೆ. ನಿಮ್ಮ ಬರಹ ಅವರ್‍ಯಾರಿಗೂ ಓದಲು ಬರುವುದಿಲ್ಲ, ನನಗೊಬ್ಬಳಿಗೇ ಬರುತ್ತದೆ.

ಅವರ ಮಾತು ತಲುಪಿಸಿದೆ. ಇನ್ನು ನನ್ನದು ಕೇಳಿ. ಆ ಸಾಲನ್ನು ಮುಟ್ಟಬೇಡಿ. ಮೂವತ್ತು ವರ್ಷ ನೆಲ ನೆಕ್ಕಿ ಪಡೆದ ನಲ್ಲಿಯನ್ನು ಯಾರೊಂದಿಗೂ ಹಂಚಿಕೊಳ್ಳಲು ನನಗೆ ಮನಸ್ಸಿಲ್ಲ. ನಿಮಗೆಲ್ಲಿ ಕರುಣೆ ಉಕ್ಕೀತೋ ಎಂಬ ಹೆದರಿಕೆಯೂ ಇಲ್ಲ. ನಲವತ್ತು ಕಂಪ್ಯೂಟರಿನ ಮುಂದೆ ಕೂರಲು ಮೈಗಳ್ಳತನ ಮಾಡಿದವರು, ಕಾಣದ ಜನರ ಬಾಯಾರಿಕೆಗಾಗಿ ಕೂರುತ್ತೀರಾ?

ಪಂಪಣ್ಣ ಬಾಗಿಲಲ್ಲಿ ಬೊಗಸೆಯೊಡ್ಡಿ ನಿಂತಿದ್ದಾನೆ. ತುಟಿ ಒಡೆದು ರಕ್ತ ಬಂದಿದೆ.

"ಬರದಿಯೇನವ್ವಾ ಹುಲಿಗಿ? ಇನ್‌ಮ್ಯಾಲ ನಾನೂ ನಲ್ಲಿ ಮುಟ್ಟಬೌದಾ?"

ಬರೆದೆ ಅಣ್ಣಾ, ನೀವೆಲ್ಲ ಹೇಳಿದಂತೆಯೇ ಬರೆದೆ ಎಂದು ಹೇಳಿ ಅವನ ಬೊಗಸೆಗೆ ನೀರು ಸುರಿದೆ. ಅವನು ಅತ್ತುಬಿಟ್ಟ. ನನ್ನ ಕಾಲು ಮುಟ್ಟಲು ಬಗ್ಗಿದಾಗ ಬೊಗಸೆಯ ನೀರೆಲ್ಲ ಚೆಲ್ಲಿತು. ಮತ್ತೆ ಹಾಕಲಿಲ್ಲ.

ಇಂತಿ,
ಈ ಮನೆಯ ಹೆಸರಿನವಳು,
ಹುಲಿಗೆಮ್ಮ