ಏಳನೆಯ ಹೆಜ್ಜೆ

ಹತ್ತಿಮತ್ತೂರು
೧೭ ಜುಲೈ ೨೦೨೫

ಮಗಳು ಶೈಲಶ್ರೀಗೆ,

ಅವ್ವನ ಹಾರೈಕೆ ಮೊದಲು, ಉಳಿದದ್ದು ಆಮೇಲೆ. ಐದು ದಿನದಿಂದ ನೀನು ಫೋನ್ ಎತ್ತುತ್ತಿಲ್ಲ. ಶಿಗ್ಗಾವಿಗೆ ಬಂದು ನಿನ್ನ ಬಾಡಿಗೆ ಮನೆಯ ಬಾಗಿಲು ಬಡಿಯುವುದು ನನ್ನ ಸ್ವಭಾವವಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಯಾರೆಂದು ನಿನಗೆ ಹೇಳಬೇಕಿಲ್ಲ, ಆದರೂ ಈ ಪತ್ರಕ್ಕೆ ಅದು ಬೇಕು. ಈ ಊರಿನ ಹೆಣ್ಣುಮಕ್ಕಳಲ್ಲಿ ಮೊದಲು ಎಸ್ಸೆಸ್ಸೆಲ್ಸಿ ಪಾಸಾದವಳು ನಾನು. ಹೊಲದ ಉತಾರದ ಕಾಗದವಿರಲಿ, ಕೋರ್ಟಿನ ನೋಟಿಸ್ ಇರಲಿ, ಜನ ನಮ್ಮ ಪಡಸಾಲೆಗೇ ತರುತ್ತಾರೆ. ನಾನು ಓದಿ ಹೀಗಿದೆ ಎಂದರೆ ಮುಗಿಯಿತು. ನಲವತ್ತು ವರ್ಷದಲ್ಲಿ ‘ನನಗೆ ತಿಳಿಯಲಿಲ್ಲ’ ಎಂದು ಯಾರ ಮುಂದೆಯೂ ಹೇಳಿದವಳಲ್ಲ.

ನೀನೂ ಎಲ್ಲೆಲ್ಲೋ ಇರುವ ನಿನ್ನ ಗೆಳೆಯರೂ ಸಂಬಳವಿಲ್ಲದೆ ಮಾಡುವ ಕೆಲಸ ಮೊದಲು ನನಗೆ ಹುಡುಗಾಟವೆನಿಸಿತ್ತು. ವೆಬ್‌ಸೈಟಿಗೆ ತೊಡಿಸುವ ಬಣ್ಣ, ಅಕ್ಷರ, ಅಂದಚಂದವನ್ನು ಥೀಮ್ ಎನ್ನುತ್ತೀರಿ. ಯಾರು ಬೇಕಾದರೂ ಪುಕ್ಕಟೆ ಒಯ್ದು ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಅದರ ಕನ್ನಡ ಕೈಪಿಡಿ ನಿನ್ನ ಪಾಲಿಗೆ ಬಂತು. ಹತ್ತು ಜನ ಹತ್ತು ಕಾಲಕ್ಕೆ ಬರೆದು ಸೇರಿಸಿದ ಪುಟಗಳು, ತಲೆಬುಡವಿಲ್ಲ. ಎಂಟು ತಿಂಗಳು ನೀನು ಕೂತು ಅದನ್ನೆಲ್ಲ ಬಿಚ್ಚಿ, ಹೊಸಬರು ಕಲಿಯುವುದು ಮೊದಲು, ಮಾಡುವ ಹೆಜ್ಜೆಗಳು ಆಮೇಲೆ, ವಿವರಣೆಗಳೆಲ್ಲ ಕೊನೆಗೆ ಎಂದು ಮತ್ತೆ ಜೋಡಿಸಿದೆ.

ಪ್ರಕಟಿಸುವ ಮುಂಚೆ ಏನೂ ಗೊತ್ತಿಲ್ಲದ ಒಬ್ಬರು ಅದರಲ್ಲಿ ಹೇಳಿದಂತೆ ಮಾಡಿ, ಎಲ್ಲಿ ತಡವರಿಸಿದೆ ಎಂದು ಹೇಳಬೇಕಂತೆ. ಅದು ನಿಮ್ಮ ಪದ್ಧತಿ. ನೀನು ನನ್ನನ್ನು ಕೇಳಿದೆ. ‘ಏನೂ ಗೊತ್ತಿಲ್ಲದವರು’ ಎಂಬ ಮಾತು ನನಗೆ ನಾಟಿತು. ನೀನು ನಕ್ಕು, “ಅವ್ವಾ, ನಿನಗ ತಿಳೀಲಿಲ್ಲಂದ್ರ ಅದು ನಿನ್ನ ತಪ್ಪಲ್ಲ, ಬರದಾಕಿ ತಪ್ಪು” ಎಂದೆ. ಕೇಳಿಸಿಕೊಂಡೆ, ನಂಬಲಿಲ್ಲ.

ನೀನು ಮಾಡಿಟ್ಟು ಹೋದ ಪ್ರಯೋಗದ ಸೈಟಿನ ಮುಂದೆ ನಾಲ್ಕು ದಿನ ಕೂತೆ. ಆರು ಹೆಜ್ಜೆ ಸರಿಯಾಗಿ ನಡೆದವು. ಏಳನೆಯದರಲ್ಲಿ ಹೊಸ ಥೀಮ್ ಹಾಕಿ ಎಂದಿತ್ತು, ಹಾಕಿದೆ. ನಾನು ಜೋಡಿಸಿದ್ದ ಬಣ್ಣ, ಚಿತ್ರ, ಸಾಲು ಎಲ್ಲ ಹೋಯಿತು. ನನ್ನ ಕೈಯೇ ಕೆಡಿಸಿತೆಂದು ಲ್ಯಾಪ್‌ಟಾಪ್ ಮುಚ್ಚಿಟ್ಟೆ. ನೀನು ಬಂದು ಕೇಳಿದಾಗ ಎಲ್ಲಾ ತಿಳಿಯಿತು, ಎಲ್ಲೂ ತಡವರಿಸಲಿಲ್ಲ ಎಂದೆ. ನೀನು ಆ ಸೈಟನ್ನು ತೆರೆದೂ ನೋಡದೆ ಕೈಪಿಡಿಯನ್ನು ಪ್ರಕಟಿಸಿದೆ. ಅವ್ವ ಹೇಳಿದ ಮೇಲೆ ಮತ್ತೆ ನೋಡುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ.

ಸೋಮವಾರ ಸವಣೂರಿನ ಜನ್ನತಬಿ ಬಂದಿದ್ದಳು. ಹದಿನಾರು ಹೆಂಗಸರನ್ನು ಕೂಡಿಸಿ ಬಟ್ಟೆ ತುಂಡುಗಳ ಕೌದಿ ಹೊಲಿಸುವವಳು. ನಿಮ್ಮದೇ ಥೀಮ್ ತೊಡಿಸಿದ ಸೈಟಿನಲ್ಲಿ ಚಿತ್ರ ಜೋಡಿಸಿ ಅವನ್ನು ಮಾರುವವಳು. ನಿನ್ನ ಹೊಸ ಕೈಪಿಡಿ ಹಿಡಿದು ಥೀಮ್ ಬದಲಿಸಿದಳು. ಎರಡು ವರ್ಷ ಜೋಡಿಸಿದ್ದು ಏಳನೆಯ ಹೆಜ್ಜೆಯಲ್ಲಿ ಅಳಿಸಿಹೋಯಿತು. ಬದಲಿಸುವ ಮುಂಚೆ ಹಳೆಯದರ ನಕಲು ಇಟ್ಟುಕೊಳ್ಳಿ ಎಂಬ ಪುಟ ಇತ್ತು, ಆದರೆ ಅದು ಕೊನೆಯ ಭಾಗಕ್ಕೆ ಹೋಗಿತ್ತು. ಅಲ್ಲಿಯ ತನಕ ಅವಳು ಹೋಗಲಿಲ್ಲ, ನಾನೂ ಹೋಗಿರಲಿಲ್ಲ.

ಪ್ರಿಂಟ್ ತೆಗೆಸಿದ ಹಾಳೆಗಳನ್ನು ನನ್ನ ಮುಂದಿಟ್ಟು, “ಒಂದಕ್ಷರ ಬಿಡದಂಗ ಮಾಡೇನ್ರಿ ಅವ್ವಾರ. ನಂದ ಏನೋ ತಪ್ಪಾಗಿರಬೇಕ್ರಿ, ನೀವ ನೋಡಿ ಹೇಳ್ರಿ” ಎಂದಳು. ನಾನು ಕನ್ನಡಕ ಹಾಕಿಕೊಂಡೆ. ಆಗಲೂ ನನ್ನ ಬಾಯಿಂದ ಬಂದದ್ದು ಇಟ್ಟು ಹೋಗು, ನೋಡುತ್ತೇನೆ ಎಂಬ ಮಾತು. ಚಹಾ ಕುಡಿದು, ತನ್ನನ್ನೇ ಬೈದುಕೊಳ್ಳುತ್ತ ಹೋದಳು.

ನಿನ್ನ ಸುದ್ದಿಯನ್ನು ಅದೇ ಸಂಜೆ ಸೊಸೆ ಶ್ವೇತಾ ಓದಿ ಹೇಳಿದಳು. ಇನ್ನೂ ಕೆಲವರದು ಹೀಗೇ ಅಳಿಸಿಹೋಯಿತಂತೆ; ಇದನ್ನು ಪರೀಕ್ಷಿಸಿದ್ದು ಯಾರು ಎಂದು ನಿಮ್ಮ ಬಳಗದವರು ಎಲ್ಲರಿಗೂ ಕಾಣುವ ಪುಟದಲ್ಲಿ ಕೇಳಿದ್ದಾರೆ. ನೀನು ನನ್ನ ಹೆಸರೆತ್ತಲಿಲ್ಲ. ತಪ್ಪು ನನ್ನದು, ಕೈಪಿಡಿಯ ಕೆಲಸ ಬಿಡುತ್ತೇನೆ ಎಂದು ಬರೆದೆ. ಭಾನುವಾರ ನಿನ್ನ ಜೋಡಣೆಯನ್ನು ಪೂರ್ತಿ ತೆಗೆದು ಹಳೆಯದನ್ನೇ ಹಾಕುತ್ತಾರಂತೆ.

ನನ್ನನ್ನು ಮರೆಮಾಡಿದ್ದು ನನಗೆ ತೋರಿಸಿದ ಮರ್ಯಾದೆ ಎಂದು ತಿಳಿದಿದ್ದೀಯ. ಅಲ್ಲ. ಊರವರ ಕಾಗದಗಳಲ್ಲಿ ಎಷ್ಟನ್ನು ತಿಳಿಯದೆಯೇ ತಿಳಿಯಿತು ಅಂದೆನೋ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ನಾನೇ ಓದಿ ಹೇಳಿದ್ದ ಖಾದರಸಾಬನ ಹೊಲದ ನೋಟಿಸ್ ನಿನ್ನೆಯಿಂದ ಮತ್ತೆ ಮತ್ತೆ ನೆನಪಾಗುತ್ತಿದೆ.

ಇಂದು ಬೆಳಿಗ್ಗೆ ಶ್ವೇತಾಳನ್ನು ಕೂಡಿಸಿಕೊಂಡು ನಿಮ್ಮ ಬಳಗದ ಅದೇ ಪುಟದಲ್ಲಿ ಬರೆಸಿದೆ. ಪರೀಕ್ಷಿಸಿದವಳು ನಾನು, ನನ್ನದೂ ಏಳನೆಯ ಹೆಜ್ಜೆಯಲ್ಲಿ ಅಳಿಸಿಹೋಗಿತ್ತು, ನಾನು ಸುಳ್ಳು ಹೇಳಿದೆ. ನಿಜ ಹೇಳಿದ್ದರೆ ನಕಲು ಇಟ್ಟುಕೊಳ್ಳುವ ಪುಟ ಮುಂದೆ ಬರುತ್ತಿತ್ತು, ಒಂದು ಪುಟಕ್ಕಾಗಿ ಇಡೀ ಜೋಡಣೆಯನ್ನು ಕೀಳಬೇಡಿ ಎಂದು. ಅಡಿಯಲ್ಲಿ ನನ್ನ ಪೂರ್ತಿ ಹೆಸರು, ಊರು.

ಆಮೇಲೆ ಬಸ್ಸು ಹತ್ತಿ ಸವಣೂರಿಗೆ ಹೋಗಿ, ಆ ಹೆಂಗಸರೆಲ್ಲರ ಎದುರಿಗೆ ಜನ್ನತಬಿಗೆ ಅದನ್ನೇ ಹೇಳಿದೆ. ಅವಳು ತಲೆ ಬಗ್ಗಿಸಿ ಹೊಲಿಯುತ್ತಲೇ ಇದ್ದಳು. ನಮ್ಮೂರಿನಿಂದ ಅಲ್ಲಿಗೆ ಹೊಲಿಯಲು ಹೋಗುವ ಮುದುಕಿ ಮಂಜವ್ವ ಮಾತ್ರ, “ಹಂಗಾರ ನನ್ನ ಪಿಂಚಣಿ ಕಾಗದಾನೂ ನೀ ಹಿಂಗ ಓದಿಯೇನ ಸುಶೀಲಾ?” ಎಂದಳು. ಯಾರೂ ನಗಲಿಲ್ಲ.

ನಿನ್ನನ್ನು ಕೇಳಿ ಮಾಡಲಿಲ್ಲ. ಮಾಡಿ ಮುಗಿಸಿ ತಿಳಿಸುತ್ತಿದ್ದೇನೆ.

ನಿನ್ನ ಅವ್ವ,
ಸುಶೀಲವ್ವ

ತಾ.ಕ.: ಮೇಲೆ ಒಂದು ಮಾತು ಮುಚ್ಚಿಟ್ಟಿದ್ದೇನೆ. ಪ್ರಯೋಗದ ಸೈಟ್ ಅಳಿಸಿಹೋದ ದಿನ ಶ್ವೇತಾ ಪಕ್ಕದಲ್ಲೇ ಇದ್ದಳು. ಕೊನೆಯ ಭಾಗದ ಆ ಪುಟವನ್ನು ಅವಳೇ ಹುಡುಕಿ ತೋರಿಸಿ, “ಶೈಲಕ್ಕಗ ಹೇಳೋಣ್ರಿ ಅತ್ತಿ” ಎಂದಿದ್ದಳು. ಸೊಸೆಯಿಂದ ಓದು ಕಲಿಯುವ ಗತಿ ನನಗೆ ಬಂದಿಲ್ಲ ಎಂದು ಬಾಯಿ ಮುಚ್ಚಿಸಿದೆ. ಇಂದು ಬೆಳಿಗ್ಗೆ ಬರೆಸುವಾಗ ಆ ಸಾಲು ನಾನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಈ ಪತ್ರವನ್ನು ಲಕೋಟೆಗೆ ಹಾಕುವ ಮುಂಚೆ ಅವಳನ್ನು ಮತ್ತೆ ಕರೆದು ನಿಮ್ಮ ಬಳಗದ ಪುಟದಲ್ಲಿ ಅದನ್ನೂ ಸೇರಿಸಿದ್ದೇನೆ, ಅವಳ ಹೆಸರಿನ ಸಮೇತ.