ಬೆನ್ನಿಗೆ ಬೆನ್ನು

ನವೆಂಬರ್ ೧೮, ನರಿನ್ ಪಟ್ಟಣ.

ಇವತ್ತೂ ನಿದ್ದೆಯಿಲ್ಲ. ನಿನ್ನೆ ರಾತ್ರಿ ಎಚ್ಚರವಾದಾಗ ಅಂಗಾತ ಮಲಗಿದ್ದೆ. ಹೋದ ವರ್ಷ ಕಳೆದುಕೊಂಡ ಮಗು ನೆನಪಾಗಿ ಬೆಳಗಾಗುವವರೆಗೂ ಎದ್ದು ಕೂತೆ. ಬೆಳಿಗ್ಗೆ ನರ್ಸ್ ಮಗುವಿನ ಎದೆಬಡಿತ ಕೇಳಿಸಿದಳು. "ಎಂಟನೇ ತಿಂಗಳು, ಮಗ್ಗುಲಾಗಿ ಮಲಗು, ಮಗುವಿಗೆ ರಕ್ತ ಚೆನ್ನಾಗಿ ಹೋಗುತ್ತೆ. ಎಚ್ಚರ ಆದಾಗ ಅಂಗಾತ ಇದ್ರೆ ಹೊರಳ್ಕೋ, ಅಷ್ಟೇ. ಹೆದರ್ಕೋಬೇಡ" ಅಂದಳು. ಹೇಳುವುದು ಸುಲಭ.

ರಾತ್ರಿ ಊಟವಾದ ಮೇಲೆ, ನಾನು 'ಅಪಾ' ಅಂದರೆ ಅಮ್ಮ ಎಂದೇ ಕರೆಯುವ ಅತ್ತೆ, ನನ್ನ ಗಂಡನ ಹಾಸಿಗೆ ಸುತ್ತಿ ಪಕ್ಕದ ಕೋಣೆಗೆ ಎಸೆದರು. "ಕುಬಾತ್, ನೀನು ದಿಮ್ಮಿ ಥರ ಬಿದ್ಕೋತೀಯ. ನಡಿ ಆಚೆ!" ನನ್ನ ಮಂಡಿಗಳ ನಡುವೆ ಕುರಿಯುಣ್ಣೆಯ ದಿಂಬು ತುರುಕಿ, ನನ್ನ ಬೆನ್ನಿಗೆ ತಮ್ಮ ಬೆನ್ನು ಕೊಟ್ಟು ಮಲಗಿದರು.

"ಅಪಾ, ನಿಮಗೆ ತೊಂದ್ರೆ..."

"ಸುಮ್ನೆ ಮಲಗೇ. ಏಳು ಹೆತ್ತಿದೀನಿ, ಒಂದು ರಾತ್ರಿ ಗೋಡೆ ಆಗೋಕಾಗಲ್ವಾ?"

ಮರುಕ್ಷಣವೇ ಗೊರಕೆ. ನನಗೆ ಸೊಂಟ ನೋವು, ಹೊರಳಲು ಜಾಗವಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಕಾದೆ. ಕೊನೆಗೆ ಮಗು ಪಕ್ಕೆಗೆ ಜೋರಾಗಿ ಒದ್ದಿತು. ನಾನು ಉಸಿರು ಬಿಡುತ್ತಿದ್ದಂತೆ ಗೊರಕೆ ನಿಂತಿತು.

"ಒದೀತಾ?"

"ಹೂಂ ಅಪಾ."

ಅವರಿಗೂ ನಿದ್ದೆ ಬಂದಿರಲಿಲ್ಲ. ನಾನು ಹೆದರದಿರಲೆಂದು ಇಷ್ಟು ಹೊತ್ತೂ ಸುಳ್ಳು ಗೊರಕೆ ಹೊಡೆಯುತ್ತಿದ್ದರು. ಈಗ ಒಲೆಯ ಬಳಿ ಕೂತು ಬರೆಯುತ್ತಿರುವಾಗ ನಿಜವಾದ ಗೊರಕೆ ಕೇಳುತ್ತಿದೆ, ಸುಳ್ಳಿನದಕ್ಕಿಂತ ಮೆಲ್ಲಗೆ. ಅವರು ಏಳುವಷ್ಟರಲ್ಲಿ ಹೋಗಿ ಆ ಬೆನ್ನಿಗೆ ಒರಗಬೇಕು, ಇಲ್ಲದಿದ್ದರೆ ಮತ್ತೆ ಸುಳ್ಳು ಗೊರಕೆ ಶುರುವಾಗುತ್ತದೆ.